ಸ್ವಂತ ಕಲಿತ ಇಂಟರ್ನ್‌ಗಳನ್ನು ಆರಿಸೋದು ಹೇಗೆ: ಆನ್‌ಲೈನ್ ಟೆಸ್ಟಾ, ಗಿಟ್‌ಹಬ್ಬಾ, ಬೆಂಚಾ?

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಂಪನಿ. ರೈತರು ಮನೆಯಿಂದಲೇ ಫೋನ್ ಮಾಡಿ ಪಂಪ್‌ಸೆಟ್ ಆನ್ ಮಾಡುತ್ತಾರಲ್ಲ, ಆ ಮೊಬೈಲ್ ಸ್ಟಾರ್ಟರ್ ಮಾಡುತ್ತೇವೆ. ಬೋರ್ಡೂ ನಮ್ಮದೇ, ಸರ್ವರ್ ಕೋಡೂ ನಮ್ಮದೇ. ಹಾಗಾಗಿ ಸಾಫ್ಟ್‌ವೇರ್, ಹಾರ್ಡ್‌ವೇರ್ ಎರಡಕ್ಕೂ ಇಂಟರ್ನ್‌ಗಳು ಬೇಕು. ಡಿಗ್ರಿ ಕೇಳೋದು ಬಿಟ್ಟು, ಸ್ವಂತ ಕಲಿತವರನ್ನು ಸಂಬಳ ಕೊಟ್ಟೇ ತೆಗೆದುಕೊಳ್ಳೋಣ ಅಂತ ತೀರ್ಮಾನಿಸಿದ ಮೇಲೆ ಮಾರ್ಕ್ಸ್ ಕಾರ್ಡಿನ ಬದಲು ಏನು ನೋಡಬೇಕು ಅನ್ನೋ ಪ್ರಶ್ನೆ ಬಂತು. ಒಂದೊಂದಾಗಿ ಮಾಡಿ ನೋಡಿದೆವು.

ಆನ್‌ಲೈನ್ ಕೋಡಿಂಗ್ ಟೆಸ್ಟಿನ ಲಾಭ ಒಂದೇ. ರಾಶಿ ಅರ್ಜಿ ಬಂದರೂ ಬೇಗ ಜರಡಿ ಹಿಡಿಯಬಹುದು. ಆದರೆ ಜರಡಿಯಲ್ಲಿ ಉಳಿಯೋರು ಯಾರು? ಪ್ಲೇಸ್‌ಮೆಂಟ್‌ಗೆ ಅಂತಲೇ ಲಿಂಕ್ಡ್ ಲಿಸ್ಟು, ಬೈನರಿ ಟ್ರೀ ಉರು ಹೊಡೆದವರು. ಏನೋ ಒಂದು ಮಾಡಬೇಕು ಅನ್ನಿಸಿ ಕಲಿತವರಿಗೆ ಆ ತಾಲೀಮು ಇರುವುದಿಲ್ಲ. ಹಾರ್ಡ್‌ವೇರ್‌ಗಂತೂ ಇದು ಉಪಯೋಗಕ್ಕೇ ಬರಲಿಲ್ಲ. ಓಮ್‌ನ ನಿಯಮ ಗೊತ್ತೋ ಇಲ್ಲವೋ ತಿಳಿಯುತ್ತೆ, ಸೋಲ್ಡರಿಂಗ್ ಐರನ್ ಹಿಡಿಯೋಕೆ ಬರುತ್ತಾ ಅಂತ ತಿಳಿಯಲ್ಲ.

ಮನೆಯಲ್ಲಿ ಮಾಡಿ ತನ್ನಿ ಅಂತ ಅಸೈನ್‌ಮೆಂಟ್ ಕೊಡೋದೂ ನನಗೆ ಒಪ್ಪಿಗೆಯಿಲ್ಲ. ಎಐ ಬರೆದುಕೊಡುತ್ತೆ ಅನ್ನೋದು ಆಮೇಲಿನ ಮಾತು. ವಾರವಿಡೀ ಅಂಗಡಿಯಲ್ಲೋ ಡೆಲಿವರಿಯಲ್ಲೋ ದುಡಿಯೋರಿಗೆ ಭಾನುವಾರವೂ ಪುಕ್ಕಟೆ ಕೆಲಸ ಹಚ್ಚಿದ ಹಾಗಾಗುತ್ತೆ.

ಸಾಫ್ಟ್‌ವೇರ್‌ಗೆ ನನ್ನ ಓಟು ಗಿಟ್‌ಹಬ್‌ಗೆ, ಅಂದರೆ ಜನ ತಮ್ಮ ಕೋಡ್ ಇಟ್ಟು ಹಂಚಿಕೊಳ್ಳೋ ವೆಬ್‌ಸೈಟಿಗೆ. ಆದರೆ ಅಲ್ಲಿ ಮೆಚ್ಚಿದವರು ಕೊಟ್ಟ ಸ್ಟಾರ್ ಎಷ್ಟು, ಕೆಲಸ ಮಾಡಿದ ದಿನ ತೋರಿಸೋ ಹಸಿರು ಚೌಕ ಎಷ್ಟು ಅಂತ ಎಣಿಸಬೇಡಿ. ಬೇರೆಯವರ ಪ್ರಾಜೆಕ್ಟಿಗೆ ಕಳಿಸಿದ ಒಂದು ಪುಲ್ ರಿಕ್ವೆಸ್ಟ್ (ನನ್ನ ಈ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ತೆಗೆದು ಕೊನೆವರೆಗೂ ಓದಿ. ಬಿಕಾಂ ಓದಿದ ಹುಡುಗಿಯೊಬ್ಬರು ದಿನಾಂಕ ತಪ್ಪಾಗಿ ತೋರಿಸೋ ಬಗ್ ಸರಿಪಡಿಸಿ ಕಳಿಸಿದ್ದರು. ಪ್ರಾಜೆಕ್ಟಿನವರು, ತಿದ್ದಿದ್ದು ಸರಿಯಾಗಿದೆಯಾ ಅಂತ ಪರೀಕ್ಷಿಸೋ ಟೆಸ್ಟ್ ಕೋಡ್ ಇಲ್ಲ ಅಂತ ವಾಪಸ್ ಕಳಿಸಿದರು. ಆಕೆ ವಾದ ಮಾಡಲಿಲ್ಲ, ಬಿಟ್ಟೂ ಹೋಗಲಿಲ್ಲ. ಯಾವ ಟೈಮ್‌ಝೋನ್‌ಗಳಿಗೆ ಟೆಸ್ಟ್ ಬೇಕು ಅಂತ ಕೇಳಿ, ಬದಲಾವಣೆಯನ್ನು ಎರಡು ಭಾಗ ಮಾಡಿ ಮತ್ತೆ ಕಳಿಸಿದರು. ನನಗೆ ಅಷ್ಟು ಸಾಕಾಯಿತು. ಈಗ ನಮ್ಮ ಸರ್ವರ್ ಕೋಡಿನ ಅರ್ಧ ಭಾಗ ಅವರ ಕೈಯಲ್ಲಿದೆ. 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡಿಗೆ) ಹೊಸಬರಾದ, 18 ತುಂಬಿದ ಇತರರೂ ಅರ್ಜಿ ಹಾಕಬಹುದು. ಸ್ವಂತ ಕಲಿತವರಿಗೆ ಹೆಸರು ಮಾಡಿಕೊಳ್ಳಲು ಅದೊಂದು ಒಳ್ಳೆ ದಾರಿ, ಸ್ಟೈಪೆಂಡೂ ಸಿಗುತ್ತೆ.

ಹಾರ್ಡ್‌ವೇರ್ ಮಾಡೋರಿಗೆ ಗಿಟ್‌ಹಬ್ ಇರೋದೇ ಕಡಿಮೆ. ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು ಮಾಡಿದ್ದೆಲ್ಲ ಮನೆಯ ಡಬ್ಬಿಯಲ್ಲೇ ಇರುತ್ತೆ. ಅವರಿಗಾಗಿ ಬೆಂಚಿನ ಪರೀಕ್ಷೆ ಇಟ್ಟೆವು. ಒಂದು ದಿನ ಕರೆಸಿ, ಕೆಟ್ಟ ಬೋರ್ಡು, ಮಲ್ಟಿಮೀಟರ್, ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ತೋರಿಸೋ ಉಪಕರಣ) ಕೊಟ್ಟು, ರೈತರು ಹೇಳೋ ದೂರನ್ನಷ್ಟೇ ಹೇಳೋದು: "ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತೆ."

ಆ ಬೋರ್ಡಿನಲ್ಲಿ ಮೊಬೈಲ್ ನೆಟ್‌ವರ್ಕಿಗೆ ಜೋಡಿಸೋ ಸಿಮ್800ಎಲ್ ಮಾಡ್ಯೂಲ್ ಪಕ್ಕದ ದೊಡ್ಡ ಕೆಪಾಸಿಟರ್ (ಚಾರ್ಜ್ ಕೂಡಿಟ್ಟು ತಟ್ಟನೆ ಬೇಕಾದಾಗ ಕೊಡೋ ಭಾಗ) ನಾವೇ ಕಿತ್ತಿರುತ್ತೇವೆ. ಈ ಮಾಡ್ಯೂಲ್ ಟವರ್ ಜೊತೆ ಮಾತಾಡುವಾಗ 2 ಆಂಪಿಯರ್‌ವರೆಗೂ ಎಳೆಯುತ್ತೆ, ಅದೂ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ವೋಲ್ಟೇಜ್ 3.4ಕ್ಕಿಂತ ಕೆಳಗೆ ಬಿದ್ದರೆ ಕೆಲಸ ಕೆಟ್ಟಿತು. ಇಷ್ಟು ಬೇಗ ಬಂದು ಹೋಗೋ ಕುಸಿತ ಮೀಟರಿಗೆ ಕಾಣಲ್ಲ, ಅದು 4 ವೋಲ್ಟ್ ಅಂತ ಆರಾಮಾಗಿ ತೋರಿಸುತ್ತಿರುತ್ತೆ. ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಂಡು ಕೋಡ್ ಕಡೆ ಬೆರಳು ತೋರಿಸುತ್ತಾರೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದ್ದ ಹುಡುಗನೊಬ್ಬ ಮೀಟರ್ ಮುಟ್ಟೋದಕ್ಕೆ ಮೊದಲೇ ಕೇಳಿದ: "ಸರ್, ಸಿಗ್ನಲ್ ಕಡಿಮೆ ಇರೋ ಕಡೆ ಜಾಸ್ತಿ ಆಗುತ್ತಾ?" ಹೌದು, ಟವರ್ ದೂರ ಇದ್ದಷ್ಟೂ ಮಾಡ್ಯೂಲ್ ಜೋರಾಗಿ ಕೂಗಬೇಕು, ಕರೆಂಟ್ ಜಾಸ್ತಿ ಬೇಕು. ಆಮೇಲೆ ಸ್ಕೋಪ್ ಹಚ್ಚಿ ಕುಸಿತ ಹಿಡಿದ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಅಡ್ಡ ಕೂರಿಸಿದ. ಪಿಯುಸಿ ಮುಗಿಸಿಲ್ಲ ಆ ಹುಡುಗ! ಯಾವ ಆನ್‌ಲೈನ್ ಟೆಸ್ಟ್ ಇವನನ್ನು ನಮ್ಮ ಬಾಗಿಲ ತನಕ ತರುತ್ತಿತ್ತು ಹೇಳಿ?

ಬೆಂಚಿಗೆ ಖರ್ಚು ಜಾಸ್ತಿ, ನಿಜ. ಹಿರಿಯ ಎಂಜಿನಿಯರ್ ಒಬ್ಬರ ಇಡೀ ದಿನ ಹೋಗುತ್ತೆ. ಆಯ್ಕೆಯಾಗಲಿ ಬಿಡಲಿ, ಬಂದವರಿಗೆ ದಿನದ ಕೂಲಿ, ಬಸ್ ಚಾರ್ಜ್ ಕೊಡಲೇಬೇಕು. ಅದಕ್ಕೇ ಎಲ್ಲರನ್ನೂ ಕರೆಯಲು ಆಗಲ್ಲ. ಅರ್ಜಿಯಲ್ಲಿ ಒಂದೇ ಪ್ರಶ್ನೆ ಇಟ್ಟಿದ್ದೇವೆ: ಇತ್ತೀಚೆಗೆ ಏನು ರಿಪೇರಿ ಮಾಡಿದಿರಿ, ತಪ್ಪು ಎಲ್ಲಿದೆ ಅಂತ ಹೇಗೆ ಗೊತ್ತಾಯಿತು? ಕನ್ನಡದಲ್ಲೇ ಬರೆಯಿರಿ, ಫೋಟೋ ಇದ್ದರೆ ಕಳಿಸಿ. ಉತ್ತರ ಓದಿದರೆ ಸಾಕು, ಯಾರನ್ನು ಕರೆಯಬೇಕು ಅಂತ ಗೊತ್ತಾಗುತ್ತೆ.

ಈಗ ಸಾಫ್ಟ್‌ವೇರ್‌ಗೆ ಗಿಟ್‌ಹಬ್ ನೋಡಿ ಅರ್ಧ ದಿನ ಜೊತೆಗೆ ಕೂತು ಕೋಡ್ ಬರೆಯುತ್ತೇವೆ. ಹಾರ್ಡ್‌ವೇರ್‌ಗೆ ನೇರವಾಗಿ ಬೆಂಚು. ಸ್ಟೈಪೆಂಡ್ ಇಬ್ಬರಿಗೂ ಒಂದೇ. ಅದನ್ನು ಜಾಹೀರಾತಿನಲ್ಲೇ ಅಂಕಿಯಲ್ಲಿ ಹಾಕುತ್ತೇವೆ. "ಅರ್ಹತೆಗೆ ತಕ್ಕಂತೆ" ಅಂತ ಬರೆದರೆ, ಬೆಂಗಳೂರಿನ ಪಿಜಿ ಬಾಡಿಗೆ ಲೆಕ್ಕ ಹಾಕೋ ಹಳ್ಳಿ ಹುಡುಗರು ಅರ್ಜಿಯನ್ನೇ ಹಾಕುವುದಿಲ್ಲ.