ತೆರಿಗೆ ರಸೀದಿ ನೋಡಿ ಜೂಜನ್ನು ನಂಬಬೇಡಿ

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ 14 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಪರರ ರೊಕ್ಕದ ಲೆಕ್ಕದಲ್ಲಿ ಇಷ್ಟು ವರ್ಷ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗಿಲ್ಲ. ಆದರೆ 2022ರ ಜೂನ್‌ನಿಂದ 2025ರ ಅಕ್ಟೋಬರ್‌ವರೆಗೆ ನನ್ನ ಸ್ವಂತ ದುಡಿಮೆಯ 7,63,860 ರೂಪಾಯಿಯನ್ನು ಜೂಜಿಗೆ ಸುರಿದೆ. ಇದರಲ್ಲಿ ಬಹುಪಾಲು ಹಣ ಕದ್ದುಮುಚ್ಚಿ ನಡೆಯುವ ಅಡ್ಡೆಗಳಿಗೆ ಹೋದದ್ದಲ್ಲ. ತೆರಿಗೆ ಕಟ್ಟುವ, ಜಾಹೀರಾತು ಕೊಡುವ, ಆಧಾರ್ ಮತ್ತು ಪ್ಯಾನ್ ಕೇಳಿ ಪಡೆಯುವ, ಎಲ್ಲವೂ ಸರ್ಕಾರದ ಕಣ್ಣೆದುರಿಗೇ ನಡೆಯುತ್ತಿದೆ ಎಂಬ ನಂಬಿಕೆ ಹುಟ್ಟಿಸುವ ಜಾಗಗಳಿಗೆ ಹೋದದ್ದು. ನಿಷೇಧಿಸುವ ಬದಲು ಖಾಸಗಿಯವರಿಗೆ ಪರವಾನಗಿ ಕೊಟ್ಟು ಬೊಕ್ಕಸಕ್ಕೆ ವರಮಾನ ಮಾಡಿಕೊಳ್ಳಬಹುದಲ್ಲ ಎಂಬ ಮಾತು ಈಗಲೂ ಕೇಳಿಬರುತ್ತಿರುವುದರಿಂದ, ಆ ಪರವಾನಗಿ ನನ್ನಂಥವನ ಮನೆಯಲ್ಲಿ ಏನು ಮಾಡಿತು ಎಂಬುದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

2022ರ ಜೂನ್‌ನಲ್ಲಿ ಸೀಸನ್ ಮುಗಿದ ಮೇಲೆ ಮಾರುಕಟ್ಟೆಯ ನಾಲ್ಕೈದು ಗೆಳೆಯರು ಗೋವಾಕ್ಕೆ ಹೊರಟರು. ನಾನೂ ಹೋದೆ. ಮಳೆಯಲ್ಲಿ ಅನಮೋಡ ಘಾಟ್ ಇಳಿದು ಪಣಜಿ ಮುಟ್ಟಿದಾಗ ಸಂಜೆಯಾಗಿತ್ತು. ಮಾಂಡೋವಿ ನದಿಯ ಮಧ್ಯೆ ದೀಪ ಹಾಕಿಕೊಂಡು ನಿಂತ ಕ್ಯಾಸಿನೊ, ಅಂದರೆ ಜೂಜಿನ ಹಡಗುಗಳಿಗೆ ದಡದಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ದಡದ ಕೌಂಟರಿನಲ್ಲಿ ಆಧಾರ್ ಕಾರ್ಡ್ ತೋರಿಸಿ 3,000 ರೂಪಾಯಿ ಕಟ್ಟಿದ ಮೇಲೆ ಕೈಗೊಂದು ಕಾಗದದ ಪಟ್ಟಿ ಸುತ್ತಿದರು. ಕೌಂಟರಿನವನು ನನ್ನ ಆಧಾರ್ ತಿರುಗಿಸಿ ವಿಳಾಸವನ್ನು ಎರಡು ಸಲ ಓದಿದ. ಏಕೆಂದು ಕೇಳಿದಾಗ, ಗೋವಾದವರನ್ನು ಒಳಗೆ ಬಿಡುವ ಹಾಗಿಲ್ಲ ಎಂದ. 2020ರ ಫೆಬ್ರುವರಿ 1ರಿಂದ ಅಲ್ಲಿನ ಸರ್ಕಾರ ತನ್ನ ಜನರಿಗೆ ಕ್ಯಾಸಿನೊ ಪ್ರವೇಶವನ್ನು ನಿರ್ಬಂಧಿಸಿದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಆ ಕ್ಷಣದಲ್ಲಿ ಅದರ ಅರ್ಥ ನನ್ನ ತಲೆಗೆ ಹೋಗಲಿಲ್ಲ. ಈಗ ಹೋಗಿದೆ: ತನ್ನ ಮನೆಯ ಮಕ್ಕಳಿಗೆ ಬೇಡವೆಂದು ತಾನೇ ತೀರ್ಮಾನಿಸಿದ ವಸ್ತುವಿನಿಂದ ಒಂದು ಸರ್ಕಾರ ವರಮಾನ ಎತ್ತುತ್ತಿದ್ದರೆ, ಆ ವರಮಾನ ಬರುವುದು ಪಕ್ಕದ ಮನೆಯ ಮಕ್ಕಳ ಜೇಬಿನಿಂದ. ಹಡಗಿನೊಳಗೆ ಆಡುವವರ ಬಾಯಲ್ಲಿ ನನಗೆ ಕೇಳಿಸಿದ್ದು ಕನ್ನಡ, ತೆಲುಗು, ಮರಾಠಿ, ಗುಜರಾತಿ. ಕೊಂಕಣಿ ಕೇಳಿಸಿದ್ದು ಊಟ ಬಡಿಸುವವರ ನಡುವೆ ಮಾತ್ರ.

ಆ ಸಭಾಂಗಣದಲ್ಲಿ ಕಿಟಕಿಗಳೂ ಇರಲಿಲ್ಲ, ಗೋಡೆ ಗಡಿಯಾರವೂ ಇರಲಿಲ್ಲ. ರೊಕ್ಕದ ಬದಲು ಬಣ್ಣದ ಬಿಲ್ಲೆಗಳನ್ನು ಕೊಡುತ್ತಾರೆ. 500ರ ನೋಟು ಎಣಿಸುವಾಗ ತಡವರಿಸುವ ಕೈ ಬಿಲ್ಲೆಯನ್ನು ಹಿಂದುಮುಂದು ನೋಡದೆ ಎಸೆಯುತ್ತದೆ. ರೂಲೆಟ್ ಚಕ್ರದ ಮುಂದೆ ನಿಂತು 17ನೇ ಅಂಕಿಯ ಮೇಲೆ 250 ರೂಪಾಯಿಯ ಬಿಲ್ಲೆ ಇಟ್ಟೆ, ಚೆಂಡು ಅಲ್ಲೇ ಬಿತ್ತು. 35 ಪಟ್ಟು, ಅಂದರೆ 8,750 ರೂಪಾಯಿ ಬಂತು. ಆ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳಿವೆ. ಸರಿಸಮ ಆಟವಾಗಿದ್ದರೆ ಗೆದ್ದವನಿಗೆ 36 ಪಟ್ಟು ಬರಬೇಕು, ಕೊಡುವುದು 35. ಆ ಒಂದರ ವ್ಯತ್ಯಾಸದಿಂದ ಮೇಜಿನ ಮೇಲೆ ಇಡುವ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೊದವನಿಗೆ ಸಲ್ಲುತ್ತದೆ. ಅದೇ ರೊಕ್ಕವನ್ನು ರಾತ್ರಿಯಿಡೀ ಮತ್ತೆ ಮತ್ತೆ ಇಡುತ್ತಿದ್ದರೆ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದಕ್ಕೆ ಅದೃಷ್ಟ ಬೇಕಾಗಿಲ್ಲ, ಗುಣಾಕಾರ ಸಾಕು. ನಾನು ಅದನ್ನು ಅಂದು ಮಾಡಲಿಲ್ಲ. ಗೆದ್ದ 8,750 ರೂಪಾಯಿಯನ್ನು ಜೇಬಿಗೆ ಹಾಕಿಕೊಂಡು ಊರಿಗೆ ಬಂದೆ. ನನ್ನ ಕೇಡಿಗೆ ಅದೇ ಮೂಲವಾಯಿತು.

ಗೋವಾದಲ್ಲಿ ಇದು ಒಂದೇ ದಿನದಲ್ಲಿ ಬೆಳೆದದ್ದಲ್ಲ. ಅಲ್ಲಿನ 1976ರ ಜೂಜು ಕಾಯ್ದೆ ಮೂಲತಃ ಜೂಜನ್ನು ತಡೆಯಲು ಬಂದದ್ದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಬಾಗಿಲು ತೆರೆಯಿತು, 1996ರ ತಿದ್ದುಪಡಿ ಹಡಗುಗಳಿಗೂ ಅದನ್ನು ವಿಸ್ತರಿಸಿತು. ಪ್ರತಿ ಸಲವೂ ಪ್ರವಾಸೋದ್ಯಮ, ವರಮಾನ, ಉದ್ಯೋಗ ಎಂಬ ಕಾರಣಗಳೇ ಮುಂದೆ ಬರುತ್ತವೆ. ನಡೆಸುವವರು ಖಾಸಗಿಯವರು, ಸರ್ಕಾರಕ್ಕೆ ಶುಲ್ಕ ಮತ್ತು ತೆರಿಗೆ. ಹೀಗೆ ಒಮ್ಮೆ ಬಾಯಿಗೆ ರುಚಿ ಹತ್ತಿದ ಮೇಲೆ ಹಿಂದೆ ಸರಿಯುವುದು ಎಷ್ಟು ಕಷ್ಟವೆಂದು ಪ್ರತಿ ಸಂಜೆ ಮಾಂಡೋವಿಯ ಮೇಲೆ ಹತ್ತುವ ದೀಪಗಳೇ ಹೇಳುತ್ತವೆ.

ಮರಳಿ ಬರುವ ದಾರಿಯಲ್ಲಿ ಗೆಳೆಯನೊಬ್ಬ ತನ್ನ ಮೊಬೈಲಿನಲ್ಲಿ ರಮ್ಮಿ ಆಟದ ಆ್ಯಪ್ ತೋರಿಸಿದ. ನಮ್ಮ ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ‘ಈಗ ಕೋರ್ಟೇ ಬಿಟ್ಟದ, ಭಯ ಇಲ್ಲ’ ಎಂದು ಗೆಳೆಯ ಹೇಳಿದ. ರಮ್ಮಿ ಬುದ್ಧಿಯ ಆಟ, ಜೂಜಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ ಎಂಬ ಮಾತನ್ನೂ ಸೇರಿಸಿದ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ 1967ರಲ್ಲಿ ಹಾಗೆ ಹೇಳಿದ್ದು ನಿಜ. ಆದರೆ ಆಡಿಸುವ ಮನೆಯವನು ಪಣದ ಆಟದಿಂದ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು ಎಂದು ಅದೇ ತೀರ್ಪಿನಲ್ಲಿ ಹೇಳಿರುವುದನ್ನು ಜಾಹೀರಾತುಗಳು ಎಂದೂ ಹೇಳಲಿಲ್ಲ.

ಮನೆಯವನ ಲಾಭ ಎಷ್ಟಿತ್ತು ಎಂಬುದನ್ನು ನಾನು ಕೂರುತ್ತಿದ್ದ ಮೇಜಿನ ಲೆಕ್ಕದಲ್ಲೇ ಹೇಳುತ್ತೇನೆ. ಆರು ಜನ ತಲಾ 500 ರೂಪಾಯಿ ಹಾಕಿದರೆ 3,000 ಆಗುತ್ತಿತ್ತು, ಗೆದ್ದವನಿಗೆ ಸಿಗುತ್ತಿದ್ದುದು 2,550. ಉಳಿದ 450 ರೂಪಾಯಿ ಕಂಪನಿಗೆ. ಒಂದು ಸುತ್ತು ಮುಗಿಯಲು ಐದಾರು ನಿಮಿಷ ಸಾಕು; ಏಳು ಸುತ್ತು ಆಗುವಷ್ಟರಲ್ಲಿ 3,150 ರೂಪಾಯಿ ಕಂಪನಿಯ ಪಾಲಾಗಿ, ಆರು ಜನ ಮೊದಲ ಸುತ್ತಿಗೆ ತಂದ ಗಂಟಿಗಿಂತ ಹೆಚ್ಚು ಹಣ ಮೇಜಿನಿಂದ ಹೊರಗೆ ಹೋಗಿರುತ್ತಿತ್ತು. ನಮ್ಮ ಮಾರುಕಟ್ಟೆಯಲ್ಲಿ ಯಾವ ದಲಾಲನಾದರೂ 100ಕ್ಕೆ 15 ರೂಪಾಯಿ ಮುರಿದುಕೊಂಡರೆ ರೈತರು ಅಂಗಡಿಗೆ ಬೀಗ ಹಾಕಿಸುತ್ತಾರೆ.

ಇನ್ನು ನನ್ನ ಕಣ್ಣಿಗೆ ಪರದೆ ಕಟ್ಟಿದ ಸಂಗತಿಗೆ ಬರುತ್ತೇನೆ. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 100ಕ್ಕೆ 30ರಂತೆ ಮೂಲದಲ್ಲೇ ತೆರಿಗೆ ಹಿಡಿಯುವ ನಿಯಮ ಬಂತು. ಆ ತಿಂಗಳ ಎರಡನೇ ವಾರ ನಾನು 10,000 ರೂಪಾಯಿ ಹಾಕಿ 28,000 ತೆಗೆದೆ. 18,000ದ ಗೆಲುವಿನ ಮೇಲೆ 5,400 ತೆರಿಗೆ ಹಿಡಿದು 22,600 ರೂಪಾಯಿ ಖಾತೆಗೆ ಬಂತು. ಆ ಸಂದೇಶವನ್ನು ಹೆಂಡತಿಗೆ ತೋರಿಸಿ, ‘ಸರ್ಕಾರನ ಟ್ಯಾಕ್ಸ್ ಹಿಡೀತೈತಿ ಅಂದ್ಮ್ಯಾಲ ಇದು ಮೋಸ ಹೆಂಗ ಆಕ್ಕೈತಿ?’ ಎಂದು ಕೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಟ್ಯಾಕ್ಸ್ ಹಿಡಿದವ್ರು ನಾಳಿ ಹೋದ ರೊಕ್ಕಾ ತಂದು ಕೊಡ್ತಾರೇನ್ರೀ?’ ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅದೇ ತಿಂಗಳು ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಲ್ಲಿ, ಯಾವ ಹಣದ ಆಟಕ್ಕೆ ಒಪ್ಪಿಗೆ ಕೊಡಬಹುದು ಎಂದು ಪರಿಶೀಲಿಸುವ ಕೆಲಸವನ್ನು ಸ್ವಯಂ ನಿಯಂತ್ರಣ ಸಂಸ್ಥೆಗಳಿಗೆ ವಹಿಸುವ ಯೋಜನೆ ಇದೆ ಎಂದು ಓದಿ ನನ್ನ ಧೈರ್ಯ ಇನ್ನಷ್ಟು ಹೆಚ್ಚಿತು. ಆಡಿಸುವುದನ್ನು ಮಾತ್ರವಲ್ಲ, ಆಡಿಸುವವರ ಮೇಲಿನ ಕಾವಲನ್ನೂ ಸರ್ಕಾರದ ಕೈಯಿಂದ ಹೊರಗೆ ಕೊಡುವ ಆಲೋಚನೆ ಅದು. ಆ ಸಂಸ್ಥೆಗಳು ಅಸ್ತಿತ್ವಕ್ಕೆ ಬರಲೇ ಇಲ್ಲ ಎಂಬುದಷ್ಟೇ ಸಮಾಧಾನ.

ಅದೇ ವರ್ಷದ ಅಕ್ಟೋಬರ್ 1ರಿಂದ ಕಟ್ಟುವ ಪೂರ್ಣ ಮೊತ್ತದ ಮೇಲೆ 100ಕ್ಕೆ 28ರ ಜಿಎಸ್‌ಟಿ ಬಂದಾಗ ನಾನು ಬಿಡಬಹುದಿತ್ತು. 1,000 ರೂಪಾಯಿ ಹಾಕಿದರೆ 218 ರೂಪಾಯಿ 75 ಪೈಸೆ ತೆರಿಗೆಗೆ ಹೋಗಿ 781 ರೂಪಾಯಿ 25 ಪೈಸೆ ಉಳಿಯಬೇಕು. ಕಂಪನಿ ಆ ತೆರಿಗೆಯಷ್ಟೇ ಮೊತ್ತವನ್ನು ಬೋನಸ್ ಎಂದು ಖಾತೆಯಲ್ಲಿ ತೋರಿಸಿತು, ಪರದೆಯ ಮೇಲೆ 1,000 ಎಂದೇ ಕಂಡಿತು, ನಾನು ಆಡುತ್ತಲೇ ಹೋದೆ. ನನ್ನ ಸಂಬಳ ತಿಂಗಳಿಗೆ 24,000 ರೂಪಾಯಿ. ಮೊದಲು ಉಳಿತಾಯ ಹೋಯಿತು, ಆಮೇಲೆ ಮೊಬೈಲಿನಲ್ಲೇ ಸಾಲ ಕೊಡುವ ಆ್ಯಪ್‌ಗಳು ಬಂದವು, 2024ರ ಶ್ರಾವಣದಲ್ಲಿ ಹೆಂಡತಿಯ ಬೋರಮಾಳ ಸರ ಮತ್ತು ಎರಡು ಪಾಟ್ಲಿ ಸೊಸೈಟಿಯಲ್ಲಿ ಅಡವಿಗೆ ಹೋದವು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಲಿಲ್ಲ ಎಂಬುದನ್ನು ಬಿಟ್ಟರೆ ನಾನು ಮಾಡದೆ ಉಳಿಸಿದ್ದು ಹೆಚ್ಚೇನಿಲ್ಲ. ಎರಡು ಸಂಜೆ ಬೀಗದ ಕೈ ಹಿಡಿದು ಅದರ ಮುಂದೆ ನಿಂತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಎರಡು ದಿನಗಳಲ್ಲಿ ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ವರ್ಷಕ್ಕೆ ಸುಮಾರು 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಆಗ ಸರ್ಕಾರವೇ ಮುಂದಿಟ್ಟಿತು. ನಾನು ಆಡುತ್ತಿದ್ದ ಆ್ಯಪ್ ಹಣ ಕಟ್ಟಿಸಿಕೊಳ್ಳುವುದನ್ನು ನಿಲ್ಲಿಸಿತು. ಆ ಭಾನುವಾರ ಪಾಸ್‌ಬುಕ್ ಹಿಡಿದು ಕೂತು ಮೂರು ವರ್ಷಗಳ ಲೆಕ್ಕವನ್ನು ಮೊದಲ ಬಾರಿಗೆ ರಿಜಿಸ್ಟರಿನಲ್ಲಿ ಬರೆದೆ: ಕಟ್ಟಿದ್ದು 11,86,400, ಮರಳಿ ಪಡೆದದ್ದು 4,73,900, ಬಾಕಿ 7,12,500. ಸುಮಾರು 30 ತಿಂಗಳ ಸಂಬಳ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅಕ್ಟೋಬರ್‌ನಲ್ಲಿ ಟೆಲಿಗ್ರಾಂನಲ್ಲಿ ಕನ್ನಡದಲ್ಲೇ ಒಂದು ಸಂದೇಶ ಬಂತು. ಹಳೆಯ ಆಟಗಾರರಿಗೆ ವಿಶೇಷ ಅವಕಾಶ, ವಿದೇಶಿ ಪರವಾನಗಿ ಇರುವ ಕ್ಯಾಸಿನೊ ಎಂದಿತ್ತು. ಪ್ಲೇ ಸ್ಟೋರಿನಲ್ಲಿ ಇಲ್ಲದ ಆ್ಯಪನ್ನು ಕೊಂಡಿ ಒತ್ತಿ ಇಳಿಸಿಕೊಂಡು, ಯಾರದೋ ಹೆಸರಿನ ಯುಪಿಐ ಖಾತೆಗೆ 20,000 ರೂಪಾಯಿ ಹಾಕಿದೆ. ನಾಲ್ಕು ದಿನಗಳಲ್ಲಿ ಪರದೆಯ ಮೇಲೆ 1,12,000 ಆಯಿತು. ತೆಗೆಯಲು ಹೋದಾಗ, ಮೊದಲು 100ಕ್ಕೆ 28ರಂತೆ ಜಿಎಸ್‌ಟಿ 31,360 ರೂಪಾಯಿ ಕಟ್ಟಬೇಕು ಎಂದರು. ಸರ್ಕಾರಿ ಚಲನ್‌ನಂತೆಯೇ ಕಾಣುವ ಕಾಗದವನ್ನೂ ಕಳಿಸಿದರು. ಸಾಲ ಮಾಡಿ ಕಟ್ಟಿದೆ. ಮರುದಿನ ಆ ಗುಂಪೂ ಇರಲಿಲ್ಲ, ಆ್ಯಪೂ ತೆರೆಯಲಿಲ್ಲ. ಸೆಪ್ಟೆಂಬರ್ 22ರಿಂದಲೇ ಇಂಥ ಆಟಗಳ ಜಿಎಸ್‌ಟಿ ದರ 40ಕ್ಕೆ ಏರಿತ್ತು. ದಿನಬೆಳಗಾದರೆ ತೆರಿಗೆ ಲೆಕ್ಕ ನೋಡುವ ನನಗೆ ಆ ಕಾಗದದ ಮೇಲಿನ 28 ಎಂಬ ಅಂಕಿಯೇ ಸುಳ್ಳೆಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತೆರಿಗೆ ಎಂಬ ಹೆಸರು ಕಂಡ ಕೂಡಲೇ ನಂಬುವ ಚಟ ಆ ಮೂರು ವರ್ಷಗಳಲ್ಲಿ ನನ್ನಲ್ಲಿ ಬೇರೂರಿಬಿಟ್ಟಿತ್ತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಯಾವ ನ್ಯಾಯವಾದ ಪಾವತಿಯಲ್ಲೂ ನಿಮ್ಮ ಗೆಲುವನ್ನು ಕೊಡುವುದಕ್ಕೆ ಮುಂಚೆ ತೆರಿಗೆಯನ್ನು ನಿಮ್ಮಿಂದ ಬೇರೆಯಾಗಿ ಖಾಸಗಿ ಖಾತೆಗೆ ಕಟ್ಟಿಸಿಕೊಳ್ಳುವುದಿಲ್ಲ; ಹಾಗೆ ಕೇಳಿದವರು ಕಳ್ಳರು. ರೊಕ್ಕ ಹೋದ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಹಿಡಿಯಲು ಸಿಗುವ ಸಮಯ ಬಹಳ ಕಡಿಮೆ. ನಾನು ಎರಡು ದಿನ ನಾಚಿಕೆಯಿಂದ ಸುಮ್ಮನಿದ್ದೆ. ಇದುವರೆಗೆ ನನಗೆ ಒಂದು ರೂಪಾಯಿಯೂ ಮರಳಿಲ್ಲ. ದೂರು ಕೊಟ್ಟರೆ ತಮಗೇ ಶಿಕ್ಷೆಯಾದೀತೆಂದು ಅಂಜುವವರೂ ಇದ್ದಾರೆ. 2025ರ ಕಾಯ್ದೆಯಲ್ಲಿ ಮೂರು ವರ್ಷದವರೆಗಿನ ಸೆರೆ ಮತ್ತು ಒಂದು ಕೋಟಿ ರೂಪಾಯಿವರೆಗಿನ ದಂಡ ಇರುವುದು ಆಡಿಸುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ನಿದ್ದೆ ಕೆಟ್ಟು ಬೇಡದ ಆಲೋಚನೆ ಬರತೊಡಗಿದಾಗ ನನ್ನ ಅಕ್ಕ 14416, ಅಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿಸಿದಳು. ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತಾನೇ ಜೊತೆಗೆ ಬಂದಳು. ಇದು ಸೋಮಾರಿತನವೂ ಅಲ್ಲ, ಬರೀ ದುರಾಸೆಯೂ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ ಎಂದು ನನಗೆ ಅರ್ಥವಾದದ್ದು ಅಲ್ಲಿ.

ನಮ್ಮಪ್ಪನೂ ಬಸ್ ನಿಲ್ದಾಣದ ಬಳಿ ಲಾಟರಿ ಚೀಟಿ ಕೊಳ್ಳುತ್ತಿದ್ದ. ಅವ್ವ ಬೈದರೆ, ಸರ್ಕಾರದ್ದೇ ಚೀಟಿ, ಕಳ್ಳತನದ್ದಲ್ಲ ಎನ್ನುತ್ತಿದ್ದ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಲ್ಲಿಸಿತು. ವರಮಾನ ಹೋಯಿತೆಂದು ರಾಜ್ಯವೇನೂ ಮುಳುಗಲಿಲ್ಲ, ನಮ್ಮ ಮನೆಯಲ್ಲಿ ವಾರದ ಸಂತೆಗೆ ರೊಕ್ಕ ಉಳಿಯತೊಡಗಿತು. ಮೇಘಾಲಯದ ಸರ್ಕಾರ 2021ರಲ್ಲಿ ಕ್ಯಾಸಿನೊಗಳಿಗೆ ಪರವಾನಗಿ ಕೊಡುವ ಕಾಯ್ದೆ ಮಾಡಿದಾಗ ಅಲ್ಲಿನ ಚರ್ಚುಗಳು ಮತ್ತು ಜನಸಂಘಟನೆಗಳು ಎದ್ದು ನಿಂತವು, 2022ರಲ್ಲಿ ಸರ್ಕಾರ ಹಿಂದೆ ಸರಿಯಿತು. 2025ರ ನಿಷೇಧವನ್ನು ಪ್ರಶ್ನಿಸಿ ಕಂಪನಿಗಳು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳ ಮೆಟ್ಟಿಲೇರಿದವು, ಸುಪ್ರೀಂ ಕೋರ್ಟ್ ಆ ಪ್ರಕರಣಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಅಲ್ಲಿ ಏನೇ ತೀರ್ಪಾಗಲಿ, ವರಮಾನದ ಮಾತೆತ್ತಿಕೊಂಡು ನಿಮ್ಮ ಬಳಿ ಬರುವ ಜನಪ್ರತಿನಿಧಿಗಳಿಗೆ ನನ್ನ ಹೆಂಡತಿ ಒಲೆಯ ಮುಂದೆ ಕೂತು ಕೇಳಿದ ಪ್ರಶ್ನೆಯನ್ನೇ ಕೇಳಿ. ಸೊಸೈಟಿಯಲ್ಲಿರುವ ಬೋರಮಾಳ ಸರದ ಬಡ್ಡಿಯನ್ನು ನಾನು ಪ್ರತಿ ತಿಂಗಳು 5ನೇ ತಾರೀಖು ಕಟ್ಟುತ್ತಿದ್ದೇನೆ. ಅಸಲಿಗೆ ಇನ್ನೂ ಕೈ ಹಚ್ಚಲಾಗಿಲ್ಲ.