ಚಿತ್ರವೋ, ಪ್ಲೇಬ್ಯಾಕ್ ನಾಟಕವೋ, ಸೈಕೋಡ್ರಾಮಾವೋ?

ಬಾಲ್ಯದಲ್ಲಿ ಮನೆಯವರಿಂದಲೇ ದೌರ್ಜನ್ಯಕ್ಕೆ ಒಳಗಾದ ವಯಸ್ಕರ ಗುಂಪು ಚೇತರಿಸಿಕೊಳ್ಳಲು ಈ ಮೂರು ಕಲಾ ವಿಧಾನಗಳಲ್ಲಿ ಯಾವುದು ಹೊಂದುತ್ತದೆ? ನಡೆದದ್ದನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಲು ಅವರಿಗೆ ಆಗುತ್ತದೆಯೇ ಎಂಬುದನ್ನು ಮೊದಲು ನೋಡಿ.

ಆಗದಿದ್ದರೆ ಚಿತ್ರ. ಮಾತು ಬೇಡ, ಅರ್ಧಕ್ಕೇ ನಿಲ್ಲಿಸಿ ಹಾಳೆ ಮಗುಚಿಡಬಹುದು. ಆರೆಂಟು ಜನ, 90 ನಿಮಿಷ. ಕೊನೆಯ 20 ನಿಮಿಷ ಸುಧಾರಿಸಿಕೊಳ್ಳಲು ಮೀಸಲು. ಪೆನ್ಸಿಲ್, ಕ್ರೇಯಾನ್ ಹತೋಟಿಗೆ ಸಿಗುತ್ತವೆ. ನೀರುಬಣ್ಣ ಹರಿದು ಹೋಗುತ್ತದೆ. ಹಸಿ ಜೇಡಿಮಣ್ಣಿನ ಅಂಟು ಕೆಲವರಿಗೆ ಹಳೆಯದನ್ನೆಲ್ಲ ಕೆದಕುತ್ತದೆ. ಹಾಗಾಗಿ ಇವೆರಡೂ ಆಮೇಲೆ. ಮೊದಲ ದಿನವೇ ‘ನಿಮ್ಮ ಮನೆಯ ಚಿತ್ರ ಬಿಡಿಸಿ’ ಎನ್ನಬೇಡಿ. ಬಿಡಿಸಿದ್ದಕ್ಕೆ ಅರ್ಥ ಹೇಳಲು ಹೋಗುವುದಂತೂ ಬೇಡವೇ ಬೇಡ.

ಹೇಳಲು ಆಗುವುದಾದರೆ ಪ್ಲೇಬ್ಯಾಕ್ ನಾಟಕ. 1975ರಲ್ಲಿ ಅಮೆರಿಕದಲ್ಲಿ ಶುರುವಾದ ಇದರಲ್ಲಿ ಅನುಭವ ಹೇಳಿದವರು ಕುರ್ಚಿಯಲ್ಲೇ ಕೂತಿರುತ್ತಾರೆ, ನಟರು ಅದನ್ನು ಆಗಲೇ ಆಡಿ ತೋರಿಸುತ್ತಾರೆ. ‘ನನ್ನ ಮಾತು ನಂಬಿದರು’ ಎಂಬ ಭಾವ ಇಲ್ಲಿ ಸಿಗುವಷ್ಟು ಬೇರೆಡೆ ಸಿಗುವುದು ಕಷ್ಟ. ಕೆಡುವುದು ನಟರ ಉತ್ಸಾಹದಿಂದ: ಹೊಡೆತವನ್ನು ಹೊಡೆತವಾಗಿಯೇ ತೋರಿಸಿದರೆ ಹೇಳಿದವರು ಕಲ್ಲಾಗಿಬಿಡುತ್ತಾರೆ. ಬಟ್ಟೆ, ಸದ್ದು, ನಟರ ನಡುವಿನ ದೂರ ಇಷ್ಟರಲ್ಲೇ ತೋರಿಸಬೇಕು. ಟಿಕೆಟ್ ಇಟ್ಟು ಸಾರ್ವಜನಿಕರನ್ನು ಕರೆಯುವ ಯೋಚನೆ ಬಿಡಿ.

ಸೈಕೋಡ್ರಾಮಾದಲ್ಲಿ ನೊಂದವರೇ ದೃಶ್ಯದೊಳಗೆ ಇಳಿಯುತ್ತಾರೆ. ಪರಿಣಾಮ ಹೆಚ್ಚು, ಅಪಾಯವೂ ಅಷ್ಟೇ. ತರಬೇತಾದ ಚಿಕಿತ್ಸಕರಿಲ್ಲದೆ ಕೈಹಾಕಬಾರದು. ಪಾತ್ರ ಅದಲುಬದಲು ಮಾಡುವಾಗ ದೌರ್ಜನ್ಯ ಎಸಗಿದವನ ಜಾಗದಲ್ಲಿ ನೊಂದವರನ್ನು ಅವಸರಕ್ಕೆ ನಿಲ್ಲಿಸಿದರೆ ತಪ್ಪೆಲ್ಲ ತಮ್ಮದೇ ಎಂಬ ಹಳೆಯ ಭಾವ ಮರಳುತ್ತದೆ. ಮುಗಿದ ಮೇಲೆ ತಂದೆಯ ಪಾತ್ರ ಮಾಡಿದವರು ‘ನಾನು ನಿಮ್ಮಪ್ಪ ಅಲ್ಲ’ ಎಂದು ತಮ್ಮ ಹೆಸರು ಹೇಳಿ ಪಾತ್ರ ಕಳಚಲೇಬೇಕು.