ಕನೆಕ್ಟ್ ಆಗುತ್ತೆ, ಪೇಜ್ ಓಪನ್ ಆಗಲ್ಲ: ಲಿನಕ್ಸಿನ ಪಿಪಿಪಿಡಿ ರಿವ್ಯೂ
ಲಿನಕ್ಸಲ್ಲಿ ಡಯಲ್‌ಅಪ್ (ಮೋಡೆಮ್ಮಿಂದ ನಂಬರ್ ಡಯಲ್ ಮಾಡಿ ಇಂಟರ್ನೆಟ್ಟಿಗೆ ಸೇರೋದು) ಅಂದ್ರೆ ಮೇಲೆ ಡಯಲ್ ಮಾಡೋ ಪ್ರೋಗ್ರಾಂ ಡಬ್ಲ್ಯೂವಿಡಯಲ್ ಇರ್ಲಿ ಕೆಪಿಪಿಪಿ ಇರ್ಲಿ, ಒಳಗೆ ಕನೆಕ್ಷನ್ ಕಟ್ಟಿ ನಡೆಸೋಕೆ ದುಡಿಯೋದು ಪಿಪಿಪಿಡಿ ಅನ್ನೋ ಪ್ರೋಗ್ರಾಮೇ. ಹಳೇ ಸೀರಿಯಲ್ ಮೋಡೆಮ್ಮಿಗೂ ಸೈ, *99# ಡಯಲ್ ಮಾಡೋ ಯುಎಸ್‌ಬಿ 3ಜಿ ಡಾಂಗಲ್ಲಿಗೂ ಸೈ. ಎರಡಕ್ಕೂ ಬಳಸಿದ್ದೀನಿ, ಗಟ್ಟಿ ಸಾಫ್ಟ್‌ವೇರ್, ಎರಡು ಮಾತಿಲ್ಲ. ಆದ್ರೆ ರೂಟಿಂಗ್ (ಪ್ಯಾಕೆಟ್, ಅಂದ್ರೆ ಡೇಟಾ ತುಂಡು, ಯಾವ ದಾರೀಲಿ ಹೊರಡ್ಬೇಕು ಅನ್ನೋದು) ವಿಷ್ಯಕ್ಕೆ ಬಂದ್ರೆ ತಲೆ ತಿನ್ನುತ್ತೆ.

ಮೋಡೆಮ್ ಕಿರುಚಿ ಸುಮ್ನಾಗುತ್ತೆ, ಲೋಕಲ್ ಐಪಿ ಬರುತ್ತೆ, ಐಎಫ್‌ಕಾನ್ಫಿಗ್ ಕಮಾಂಡ್ ಹೊಡೆದ್ರೆ ಪಿಪಿಪಿ0 (ಡಯಲ್‌ಅಪ್ ಕನೆಕ್ಷನ್ನಿನ ಹೆಸರು) ಅಪ್ ಅಂತ ತೋರಿಸುತ್ತೆ, ಬ್ರೌಸರ್ ಮಾತ್ರ ಸುತ್ತುತ್ತಾ ಕೂತಿರುತ್ತೆ. ಬಹಳ ಜನ ಇಲ್ಲೇ ಐಎಸ್‌ಪಿಗೆ ಬೈಯೋಕೆ ಶುರು ಮಾಡ್ತಾರೆ. ಅದಕ್ಕೂ ಮೊದ್ಲು ನೆಟ್‌ಸ್ಟ್ಯಾಟ್ -ಆರ್‌ಎನ್ (netstat -rn) ಹೊಡೀರಿ, ರೂಟುಗಳ ಪಟ್ಟಿ ಬರುತ್ತೆ. 0.0.0.0 ಅಂತ ಶುರುವಾಗೋ ಸಾಲಿನ (ಅದೇ ಡಿಫಾಲ್ಟ್ ರೂಟ್, ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್ ಎಲ್ಲ ಹೋಗೋ ದಾರಿ) ಕೊನೇಲಿ ಪಿಪಿಪಿ0 ಇರ್ಬೇಕು, ಅದರ ಬದ್ಲು ಇಟಿಎಚ್0 (ಲ್ಯಾನ್ ಕಾರ್ಡ್) ಇದ್ದು ಗೇಟ್‌ವೇ (ಹೊರಗೆ ಹೋಗೋ ಬಾಗಿಲು) 192.168.1.1 ಅಂತಿದ್ರೆ ಕಳ್ಳ ಸಿಕ್ಕ. ಲ್ಯಾನ್ ಕಾರ್ಡಿಗೆ ಯಾವಾಗ್ಲೋ ಹಾಕಿದ್ದ ಗೇಟ್‌ವೇ ಹಾಗೇ ಉಳಿದಿದೆ, ಪ್ಯಾಕೆಟ್ ಎಲ್ಲ ಆ ಕಡೆ ಹೋಗಿ ಸಾಯ್ತಿದೆ. ನೀವು ಡಿಫಾಲ್ಟ್‌ರೂಟ್ ಆಪ್ಶನ್ ಕೊಟ್ಟಿದ್ರೂ ಪಿಪಿಪಿಡಿ ಮೊದ್ಲೇ ಇರೋ ರೂಟನ್ನ ಮುಟ್ಟಲ್ಲ, ಸಿಸ್‌ಲಾಗಲ್ಲಿ (ಸಿಸ್ಟಮ್ಮಿನ ದಾಖಲೆ ಫೈಲಲ್ಲಿ) 'ನಾಟ್ ರಿಪ್ಲೇಸಿಂಗ್ ಡಿಫಾಲ್ಟ್ ರೂಟ್' ಅನ್ನೋ ತರದ ಒಂದು ಸಾಲು ಬರೆದು ತನ್ನ ಪಾಡಿಗೆ ತಾನಿರುತ್ತೆ. ಮುಟ್ಟದೇ ಇರೋದು ಸರಿನೇ ಅನ್ನಿ, ಆಫೀಸ್ ಸರ್ವರಿಂದ ಯಾರೋ ಡಯಲ್ ಮಾಡಿದ ತಕ್ಷಣ ಎಲ್ಲರ ಟ್ರಾಫಿಕ್ಕೂ 56ಕೆ ಲೈನಿಗೆ ತಿರುಗಿದ್ರೆ ಗತಿ ಏನು, ಆದ್ರೆ ಆ ಮಾತನ್ನ ಲಾಗಲ್ಲಿ ಹೂತಿಡೋ ಬದ್ಲು ಕಣ್ಣಿಗೆ ಬೀಳೋ ಕಡೆ ಹೇಳೋಕೆ ಏನ್ ಕಷ್ಟ?

ರೂಟ್ ಡೆಲ್ ಡಿಫಾಲ್ಟ್ ಕೊಟ್ಟು ಮತ್ತೆ ಡಯಲ್ ಮಾಡಿ, ಸರಿ ಹೋಗುತ್ತೆ. ಸದಾ ಇದೇ ಗೋಳು ಅಂದ್ರೆ ರಿಪ್ಲೇಸ್‌ಡಿಫಾಲ್ಟ್‌ರೂಟ್ ಆಪ್ಶನ್ ಹಾಕಿ, ಹಳೇ ವರ್ಷನ್ನಲ್ಲಿ ಎಲ್ಲ ಡಿಸ್ಟ್ರೊದಲ್ಲೂ (ಲಿನಕ್ಸಿನ ಬೇರೆ ಬೇರೆ ರೂಪಗಳಲ್ಲೂ) ಸಿಗಲ್ಲ, ಮ್ಯಾನ್ ಪೇಜ್ (ಕೈಪಿಡಿ) ನೋಡ್ಕೊಳ್ಳಿ.

ಡಿಎನ್‌ಎಸ್ಸಿಂದೂ (ಸೈಟ್ ಹೆಸರನ್ನ ಐಪಿ ಅಡ್ರೆಸ್ಸಿಗೆ ಬದಲಿಸೋ ವ್ಯವಸ್ಥೆ) ಇದೇ ಬುದ್ಧಿ. 8.8.8.8ಕ್ಕೆ ಪಿಂಗ್ ಹೋಗುತ್ತೆ, ಹೆಸರು ಕೊಟ್ರೆ ಹೋಗಲ್ಲ ಅಂದ್ರೆ ಯೂಸ್‌ಪೀರ್‌ಡಿಎನ್‌ಎಸ್ ಆಪ್ಶನ್ ಹಾಕ್ಬೇಕು, ಹಾಕಿದ್ರೂ ಅದು ಬರೆಯೋದು ಇಟಿಸಿ ಒಳಗಿನ ಪಿಪಿಪಿ ಫೋಲ್ಡರಲ್ಲಿರೋ ರಿಸಾಲ್ವ್ ಫೈಲಿಗೆ, ಅಸಲಿ ಫೈಲಿಗೆ (/etc/resolv.conf) ಸೇರಿಸೋ ಕೆಲ್ಸ ಕನೆಕ್ಟ್ ಆದ ಕೂಡ್ಲೇ ಓಡೋ ಐಪಿ-ಅಪ್ ಸ್ಕ್ರಿಪ್ಟಿಂದು. ಆ ಸ್ಕ್ರಿಪ್ಟ್ ನಿಮ್ಮ ಡಿಸ್ಟ್ರೊದವ್ರು ಕೊಟ್ಟಿಲ್ಲ ಅಂದ್ರೆ ನೀವೇ ಬರ್ಕೋಬೇಕು.

ಡಾಂಗಲ್ ಇರೋರಿಗೆ ರಿಮೋಟ್ ಐಪಿ (ಆ ತುದಿಯ ಅಡ್ರೆಸ್) 10.64.64.64 ಅಂತ ಬಂದ್ರೆ ಗಾಬರಿ ಬೇಡ. ಆ ಕಡೆಯವ್ರು ಅಡ್ರೆಸ್ ಹೇಳದೇ ಇದ್ದಾಗ ಪಿಪಿಪಿಡಿ ತಾನೇ ಇಟ್ಕೊಳ್ಳೋ ಹೆಸರಿಗೊಂದು ಅಡ್ರೆಸ್ ಅದು, ಪಾಯಿಂಟ್ ಟು ಪಾಯಿಂಟ್ ಲಿಂಕಲ್ಲಿ ಆ ತುದಿ ಅಡ್ರೆಸ್ ಏನಿದ್ರೂ ಪ್ಯಾಕೆಟ್ ಹೊರಡೋದು ಪಿಪಿಪಿ0 ಇಂದಾನೇ. ಅದನ್ನ ಪಿಂಗ್ ಮಾಡಿ ಉತ್ತರ ಬರ್ಲಿಲ್ಲ ಅಂತ ಟೈಮ್ ಹಾಳು ಮಾಡ್ಕೋಬೇಡಿ.

ಐದಕ್ಕೆ ನಾಲ್ಕು ಸ್ಟಾರ್, ಹೋದ ಒಂದು ಆ ಲಾಗ್ ಸಾಲಿಗೆ. ಡಬ್ಲ್ಯೂವಿಡಯಲ್ ಮೂಲಕ ಡಾಂಗಲ್ ಹಾಕೋರು ಸ್ಟುಪಿಡ್ ಮೋಡ್ (ಕನೆಕ್ಟ್ ಆದ ತಕ್ಷಣ ಪಿಪಿಪಿಡಿ ಶುರು ಮಾಡೋ ಆಪ್ಶನ್) ಆನ್ ಮಾಡ್ಕೊಳ್ಳಿ, ಆಪ್ಶನ್ ಹೆಸರೇ ಹಾಗಿದೆ, ನನ್ನ ಬೈಬೇಡಿ.